ಫೌಂಡ್ರಿಯ ಕಾರ್ಬನ್ ಲೆಕ್ಕ ಕೇಳಿದ್ದಾರೆ, ಎಲ್ಲಿಂದ ಶುರು ಮಾಡಲಿ?

ಉದ್ಯಮಬಾಗ್_ಎರಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಫೌಂಡ್ರಿ, ಅಂದರೆ ಎರಕದ ಕಾರ್ಖಾನೆ. ಅಪ್ಪ ಶುರು ಮಾಡಿದ್ದು. ಈಗ ಆರು ವರ್ಷದಿಂದ ಲೆಕ್ಕಪತ್ರ, ಕ್ವಾಲಿಟಿ ಎರಡನ್ನೂ ನಾನು ನೋಡಿಕೊಳ್ಳುತ್ತಿದ್ದೇನೆ. ತಿಂಗಳಿಗೆ ಸುಮಾರು 200 ಟನ್ ಕಬ್ಬಿಣ ಕರಗಿಸುತ್ತೇವೆ, ಕರೆಂಟಿನ ಇಂಡಕ್ಷನ್ ಫರ್ನೇಸ್. ಪಂಪ್ ಬಾಡಿ, ವಾಲ್ವ್ ಬಾಡಿ, ಸ್ವಲ್ಪ ಟ್ರ್ಯಾಕ್ಟರ್ ಕೆಲಸ.

ವಿಷಯ ಇಷ್ಟು. ಪುಣೆಯ ಒಂದು ದೊಡ್ಡ ಕಂಪನಿ ನಮ್ಮ ಹಳೆಯ ಗಿರಾಕಿ. ಹೋದ ವಾರ ಅವರಿಂದ ಒಂದು ಎಕ್ಸೆಲ್ ಶೀಟ್ ಬಂದಿದೆ. ಸ್ಕೋಪ್ 1, ಸ್ಕೋಪ್ 2, ಸ್ಕೋಪ್ 3 ಅಂತ ಮೂರು ಪುಟ, ಕೊನೆಗೆ "ಆಫ್‌ಸೆಟ್ ಎಷ್ಟು ಮಾಡಿದ್ದೀರಿ" ಅಂತ ಒಂದು ಕಾಲಂ, ಅಂದರೆ ಬೇರೆ ಕಡೆ ಆದ ಕಾರ್ಬನ್ ಉಳಿತಾಯದ ಕ್ರೆಡಿಟ್ ಕೊಂಡು ನಮ್ಮ ಹೊಗೆಯ ಎದುರು ಎಷ್ಟು ತೋರಿಸಿದ್ದೀರಿ ಅಂತ. ಆರು ವಾರದಲ್ಲಿ ತುಂಬಿ ಕಳಿಸಬೇಕು. ಬೆಲೆ, ರಿಜೆಕ್ಷನ್, ಡೆಲಿವರಿ ಜೊತೆಗೆ ಇನ್ನು ಮುಂದೆ ಇದಕ್ಕೂ ಮಾರ್ಕ್ಸ್ ಇದೆಯಂತೆ.

ಒಬ್ಬ ಕನ್ಸಲ್ಟೆಂಟ್ ಬಂದಿದ್ದರು. ಆಫೀಸಿನಲ್ಲೇ ಕೂತು ಚಹಾ ಕುಡಿದರು. ನಾಲ್ಕು ಲಕ್ಷ ಕೊಡಿ, ಲೆಕ್ಕ, ರಿಪೋರ್ಟ್, ಕ್ರೆಡಿಟ್ ಎಲ್ಲ ನಾವೇ ನೋಡಿಕೊಳ್ಳುತ್ತೇವೆ, "ಕಾರ್ಬನ್ ನ್ಯೂಟ್ರಲ್" ಅಂತ ಸರ್ಟಿಫಿಕೇಟ್ ಕೊಡುತ್ತೇವೆ, ಗೇಟಿಗೆ ಬೋರ್ಡ್ ಹಾಕಿಕೊಳ್ಳಬಹುದು ಅಂದರು. ಫರ್ನೇಸ್ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ಅದೇ ನನಗೆ ಸರಿ ಅನ್ನಿಸಲಿಲ್ಲ. ಅಪ್ಪ ಹೇಳುವುದು ಬೇರೆ: ಪ್ರತಿ ಜೂನ್‌ನಲ್ಲಿ ಶಾಲೆ ಮಕ್ಕಳ ಜೊತೆ ಗಿಡ ನೆಡುತ್ತೇವಲ್ಲ, ಅದನ್ನೇ ಬರೆದು ಕಳಿಸು.

ಫಾರ್ಮ್ ತುಂಬುವುದು ಕಷ್ಟ ಅಲ್ಲ. ಸುಳ್ಳು ಬರೆಯಲು ಮನಸ್ಸಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿದಾಗ ನಮ್ಮ ಇಬ್ಬರು ಮೋಲ್ಡರ್‌ಗಳ ಮನೆ ಬಿತ್ತು. ಒಬ್ಬರ ಮನೆಯಲ್ಲಿ ಹಿತ್ತಲ ಗೋಡೆ ಇದ್ದ ಜಾಗಕ್ಕೆ ಅಂದು ಹೊಡೆದ ತಗಡು ಇವತ್ತಿಗೂ ಹಾಗೇ ಇದೆ. ಅಂದಿನಿಂದ ಮಳೆ, ಹವಾಮಾನದ ಮಾತು ನಮಗೆ ಬರೀ ಪೇಪರಿನ ಸುದ್ದಿ ಅಲ್ಲ. ಮಾಡುವುದಾದರೆ ಸರಿಯಾಗಿ ಮಾಡೋಣ ಅಂತಿದೆ. ಎಲ್ಲಿಂದ ಶುರು ಮಾಡಬೇಕು? ಕನ್ಸಲ್ಟೆಂಟ್ ಇಲ್ಲದೆ ಆಗುತ್ತದಾ? ಕ್ರೆಡಿಟ್ ಕೊಳ್ಳಲೇಬೇಕಾ?

ಮೀಟರ್_ಓದುವವ:

ಆಗುತ್ತದೆ ತಮ್ಮಾ. ಮೊದಲ ವರ್ಷದ ಲೆಕ್ಕಕ್ಕೆ ನಿಮಗೆ ಬೇಕಾಗಿರುವುದು ಎರಡು ಮಧ್ಯಾಹ್ನ ಮತ್ತು ನಿಮ್ಮದೇ ಬಿಲ್ ಫೈಲ್. ನಾನು ಹುಬ್ಬಳ್ಳಿಯಲ್ಲಿ ಎನರ್ಜಿ ಆಡಿಟರ್, ಇಪ್ಪತ್ತು ವರ್ಷದಿಂದ ಇದೇ ಕೆಲಸ, ನಿಮ್ಮ ಉದ್ಯಮಬಾಗ್, ಮಚ್ಛೆ ಕಡೆಯ ಫೌಂಡ್ರಿಗಳನ್ನೂ ನೋಡಿದ್ದೇನೆ.

ಸ್ಕೋಪ್ ಅನ್ನುವ ಪದಕ್ಕೆ ಹೆದರಬೇಡಿ. ನಿಮ್ಮ ಗೇಟಿನ ಒಳಗೆ ನೀವೇ ಉರಿಸುವುದು ಸ್ಕೋಪ್ 1. ಜನರೇಟರ್ ಡೀಸೆಲ್, ಲೇಡಲ್ (ಕರಗಿದ ಕಬ್ಬಿಣ ಹೊರುವ ಪಾತ್ರೆ) ಕಾಯಿಸುವ ಎಲ್‌ಪಿಜಿ, ನಿಮ್ಮದೇ ಟೆಂಪೊ ಇದ್ದರೆ ಅದೂ ಇದರಲ್ಲೇ. ಕೊಂಡ ಕರೆಂಟ್ ಸ್ಕೋಪ್ 2. ಮಿಕ್ಕಿದ್ದೆಲ್ಲ, ಅಂದರೆ ನೀವು ತರಿಸುವ ಪಿಗ್ ಐರನ್ (ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ), ಸ್ಕ್ರ್ಯಾಪ್, ಬಾಡಿಗೆ ಲಾರಿ, ಹೊರಗೆ ಮಾಡಿಸುವ ಮಷಿನಿಂಗ್, ಇವು ಸ್ಕೋಪ್ 3. ಜಿಎಚ್‌ಜಿ ಪ್ರೋಟೋಕಾಲ್ ಅನ್ನುವ ನಿಯಮಾವಳಿಯಿಂದ ಬಂದ ವಿಂಗಡಣೆ ಇದು, 2001ರಿಂದ ಇದೆ. ಪುಣೆಯವರು ಈಗ ಕೇಳುತ್ತಿರುವುದಕ್ಕೂ ಕಾರಣ ಇದೆ. ಷೇರುಪೇಟೆಯಲ್ಲಿರುವ ದೊಡ್ಡ 1000 ಕಂಪನಿಗಳು ಪರಿಸರ, ಸಮಾಜದ ಹೊಣೆಯ ಬಗ್ಗೆ ಬಿಆರ್‌ಎಸ್‌ಆರ್ ಅನ್ನುವ ವರದಿ ಕೊಡಲೇಬೇಕು ಅಂತ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅವರ ಸ್ಕೋಪ್ 3 ಅಂದರೆ ನೀವು.

ಈಗ ಗುಣಕಗಳು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್. ಒಂದು ಕೆಜಿ ಎಲ್‌ಪಿಜಿಗೆ ಹತ್ತಿರ ಹತ್ತಿರ 3 ಕೆಜಿ, ಅಂದರೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ 57 ಕೆಜಿ. ಕರೆಂಟಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದವರು ಇಡೀ ದೇಶದ ಗ್ರಿಡ್‌ಗೆ ಪ್ರತಿ ವರ್ಷ ಒಂದು ಸರಾಸರಿ ಪ್ರಕಟಿಸುತ್ತಾರೆ. ಈಚಿನ ವರ್ಷಗಳಲ್ಲಿ ಅದು ಯೂನಿಟ್‌ಗೆ 0.71ರಿಂದ 0.73 ಕೆಜಿ ಆಸುಪಾಸು ಇದೆ. ಯಾವ ವರ್ಷದ ಅಂಕಿ ಹಾಕಿದಿರಿ ಅಂತ ಪಕ್ಕದಲ್ಲೇ ಬರೆದಿಡಿ, ಇಲ್ಲದಿದ್ದರೆ ಮುಂದಿನ ವರ್ಷ ಕಡಿಮೆಯಾಗಿದ್ದು ನಿಮ್ಮ ಶ್ರಮದಿಂದಲೋ ಗ್ರಿಡ್‌ನಿಂದಲೋ ಅಂತ ನಿಮಗೇ ತಿಳಿಯುವುದಿಲ್ಲ. ಎಸಿಗೆ ಗ್ಯಾಸ್ ತುಂಬಿಸಿದ್ದರೆ ಆ ಬಿಲ್ಲನ್ನೂ ತೆಗೆದಿಡಿ. ಆರ್-410ಎ ಒಂದು ಕೆಜಿ ಸೋರಿದರೆ ಸುಮಾರು ಎರಡು ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ.

ಹೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ ಮಾತ್ರ ನೋಡಿ. ರೂಪಾಯಿಯಿಂದ ಹಿಂದಕ್ಕೆ ಲೆಕ್ಕ ಹಾಕುವವರಿದ್ದಾರೆ, ಡಿಮ್ಯಾಂಡ್ ಚಾರ್ಜ್, ಟ್ಯಾಕ್ಸ್ ಎಲ್ಲ ಸೇರಿ ತಪ್ಪುತ್ತದೆ. ಡೀಸೆಲ್‌ಗೆ ಪಂಪಿನ ಬಿಲ್ಲಿಗಿಂತ ಜನರೇಟರ್ ಲಾಗ್ ಬುಕ್ ಒಳ್ಳೆಯದು. ಮೊದಲು ಒಂದು ತಿಂಗಳದ್ದು ಮಾಡಿ ಇಲ್ಲಿ ಹಾಕಿ. 95 ಪರ್ಸೆಂಟ್ ಕರೆಂಟೇ ಇರುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ.

ಮಾಚೇನಹಳ್ಳಿ_ಮೋಲ್ಡ್:

ನಾವು ಶಿವಮೊಗ್ಗದವರು, ನಮ್ಮದೂ ಫೌಂಡ್ರಿ. ಹೋದ ವರ್ಷ ನಾವೂ ಇದೇ ಶೀಟ್ ತುಂಬಿದ್ದು. ಒಂದು ಮಾತು ಕೇಳಿ ಅಣ್ಣ, ಫೌಂಡ್ರಿಯಲ್ಲಿ ಕಾರ್ಬನ್ ಕಡಿಮೆ ಮಾಡುವುದು ಅಂದರೆ ಬೇರೇನೋ ಹೊಸ ವಿದ್ಯೆ ಅಲ್ಲ. ರಿಜೆಕ್ಷನ್ ಕಡಿಮೆ ಮಾಡುವುದೇ. ಒಂದು ಪೀಸ್ ಬ್ಲೋ ಹೋಲ್ (ಗ್ಯಾಸಿನ ತೂತು) ಬಂದು ವಾಪಸ್ ಫರ್ನೇಸಿಗೆ ಹೋಯಿತು ಅಂದರೆ ಅದನ್ನು ಎರಡು ಸಲ ಕರಗಿಸಿದ ಹಾಗಾಯಿತು, ಎರಡನೇ ಸಲದ ಕರೆಂಟೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಅಚ್ಚಿಗೆ ಮೆಟಲ್ ಹರಿದು ತುಂಬುವ ದಾರಿಯಲ್ಲಿ ಗಟ್ಟಿಯಾಗಿ ಉಳಿಯುವ ರನ್ನರ್, ರೈಸರ್ ಕೂಡ ಅಷ್ಟೇ. 100 ಕೆಜಿ ಸುರಿದು 60 ಕೆಜಿ ಮಾಲು ಬಂದರೆ ಮಿಕ್ಕ 40 ಕೆಜಿಯನ್ನು ದಿನಾ ಸುಮ್ನೆ ಕರಗಿಸುತ್ತಿದ್ದೀರಿ.

ನಾವು ಮಾಡಿದ್ದು ಮೂರೇ ಕೆಲಸ. ಫರ್ನೇಸ್ ಮುಚ್ಚಳ ಹಾಕಿಯೇ ಕರಗಿಸುವುದು. ನಮ್ಮಲ್ಲಿ ಮುಚ್ಚಳ ಇತ್ತು, ಎತ್ತಿ ಗೋಡೆಗೆ ಒರಗಿಸಿಟ್ಟಿದ್ದರು, ಪ್ರತಿ ಸಲ ತೆಗೆದು ಹಾಕುವುದು ಭಾರ ಅಂತ. ಎರಡನೆಯದು, ರನ್ನರ್‌ಗೆ ಅಂಟಿದ ಮರಳನ್ನು ಬಡಿದು ತೆಗೆದೇ ಚಾರ್ಜ್ ಮಾಡುವುದು, ಅಂದರೆ ಫರ್ನೇಸಿಗೆ ಹಾಕುವುದು. ಮರಳು ಕರಗುವುದಕ್ಕೂ ಕರೆಂಟ್ ಬೇಕು, ಕೊನೆಗೆ ಅದು ಸ್ಲ್ಯಾಗ್ ಆಗಿ ಹೊರಗೆ ಹೋಗುತ್ತದೆ. ಮೂರನೆಯದು, ಮೋಲ್ಡ್ ರೆಡಿ ಇಲ್ಲದೆ ಮೆಟಲ್ ರೆಡಿ ಮಾಡಿಕೊಂಡು ಕಾಯುವುದನ್ನು ನಿಲ್ಲಿಸಿದ್ದು. ಫರ್ನೇಸಿಗೆ ಟನ್‌ಗೆ 680 ಯೂನಿಟ್ ಬೀಳುತ್ತಿತ್ತು, ಎಂಟು ತಿಂಗಳಲ್ಲಿ 610ಕ್ಕೆ ಬಂತು. ಒಂದು ರೂಪಾಯಿಯ ಹೊಸ ಮಷಿನ್ ಹಾಕಿಲ್ಲ. ಮೂರನೆಯದೇ ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅದು ಮೋಲ್ಡಿಂಗ್ ಶಿಫ್ಟಿನವರು ಮತ್ತು ಮೆಲ್ಟಿಂಗ್ ಶಿಫ್ಟಿನವರು ಕೂತು ಮಾತಾಡಿ ಆಗಬೇಕಾದ ಕೆಲಸ. ನಮ್ಮಲ್ಲಿ ಅದಕ್ಕೇ ಎರಡು ತಿಂಗಳು ಹಿಡಿಯಿತು.

ಉದ್ಯಮಬಾಗ್_ಎರಕ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸರ್ ಹೇಳಿದ ಹಾಗೆ ಹೋದ ತಿಂಗಳದ್ದು ತೆಗೆದೆ. ಕರೆಂಟ್ 1,60,000 ಯೂನಿಟ್. ಡೀಸೆಲ್ 600 ಲೀಟರ್. ಎಲ್‌ಪಿಜಿ 20 ಸಿಲಿಂಡರ್. 0.71 ಹಾಕಿ ಗುಣಿಸಿದರೆ ಕರೆಂಟೇ 113.6 ಟನ್. ಡೀಸೆಲ್ 1.6 ಟನ್, ಎಲ್‌ಪಿಜಿ 1.1 ಟನ್. ಇಷ್ಟು ವರ್ಷ ಜನರೇಟರ್ ಹೊಗೆ ನೋಡಿ ಅದೇ ದೊಡ್ಡ ತಪ್ಪು ಅಂದುಕೊಂಡಿದ್ದೆ. ಕಣ್ಣಿಗೆ ಕಾಣದ ಕರೆಂಟಿನ ಮುಂದೆ ಅದು ಏನೇನೂ ಅಲ್ಲ ಅಂತ ಬರೆದು ನೋಡಿದ ಮೇಲೇ ಗೊತ್ತಾಗಿದ್ದು.

ಒಂದು ಸಂಶಯ ಇದೆ. ನಾವು ಕೋರ್ (ಎರಕದ ಒಳಗೆ ಟೊಳ್ಳು ಬರಿಸುವ ಮರಳಿನ ಅಚ್ಚು) ಮಾಡುವುದು ಸಿಲಿಕೇಟ್ ಮರಳಿಗೆ ಸಿಒಟು ಗ್ಯಾಸ್ ಹಾಯಿಸಿ. ಕೋರ್ ಬಾಕ್ಸಿಗೆ ನಳಿಗೆ ಇಟ್ಟು ಗ್ಯಾಸ್ ಬಿಟ್ಟರೆ ಮರಳು ಗಟ್ಟಿಯಾಗುತ್ತದೆ. ತಿಂಗಳಿಗೆ 30 ಕೆಜಿಯ 40 ಸಿಲಿಂಡರ್ ಬೇಕು. ಅದು ನೇರವಾಗಿ ಕಾರ್ಬನ್ ಡೈಆಕ್ಸೈಡೇ ಅಲ್ವಾ? ಶೀಟಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೀಟರ್_ಓದುವವ:

ಒಳ್ಳೆಯ ಪ್ರಶ್ನೆ, ಬಹಳ ಜನ ಇದನ್ನು ಬಿಟ್ಟೇ ಬಿಡುತ್ತಾರೆ. ಆ ಗ್ಯಾಸಿನಲ್ಲಿ ಸ್ವಲ್ಪ ಸಿಲಿಕೇಟ್ ಜೊತೆ ಸೇರಿಕೊಳ್ಳುತ್ತದೆ, ಜಾಸ್ತಿ ಭಾಗ ಹಾಗೇ ಗಾಳಿಗೆ ಹೋಗುತ್ತದೆ. ಒಟ್ಟು 1,200 ಕೆಜಿಯನ್ನೂ ಸ್ಕೋಪ್ 1ರಲ್ಲಿ "ಇತರೆ" ಅಂತ ಹಾಕಿ, ಹೇಗೆ ಹಾಕಿದಿರಿ ಅಂತ ಒಂದು ಸಾಲು ಬರೆಯಿರಿ. ಸಂಶಯ ಇದ್ದಲ್ಲಿ ಜಾಸ್ತಿ ಹಿಡಿಯುವುದು ಕ್ಷೇಮ. ಅಲ್ಲಿಗೆ ಒಟ್ಟು 117.5 ಟನ್. ಅದರಲ್ಲಿ ಕರೆಂಟ್ 97 ಪರ್ಸೆಂಟ್.

ಈಗ ಇನ್ನೊಂದು ಕೆಲಸ ಕೊಡುತ್ತೇನೆ. ಬರುವ ಭಾನುವಾರ ಎಲ್ಲ ಮಷಿನ್ ನಿಂತಿರುವಾಗ ಫ್ಯಾಕ್ಟರಿಗೆ ಹೋಗಿ. ಏರ್ ಕಂಪ್ರೆಸರ್ ಒಂದನ್ನೇ ಚಾಲು ಮಾಡಿ. ಯಾರೂ ಗಾಳಿ ಬಳಸುತ್ತಿಲ್ಲ, ಹಾಗಾಗಿ ಪ್ರೆಷರ್ ತುಂಬಿದ ಮೇಲೆ ಅದು ಸುಮ್ನೆ ನಿಂತಿರಬೇಕು. ನಿಲ್ಲುವುದಿಲ್ಲ, ನೋಡಿ. ಸ್ವಲ್ಪ ಹೊತ್ತಿಗೆ ಮತ್ತೆ ಲೋಡ್ ತೆಗೆದುಕೊಳ್ಳುತ್ತದೆ, ಅಂದರೆ ಗಾಳಿ ತುಂಬತೊಡಗುತ್ತದೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಎಷ್ಟು ಸೆಕೆಂಡ್ ಲೋಡ್, ಎಷ್ಟು ಸೆಕೆಂಡ್ ಅನ್‌ಲೋಡ್ ಅಂತ ಹತ್ತು ಸಲ ಬರೆದುಕೊಳ್ಳಿ. ಲೋಡ್ ಸಮಯವನ್ನು ಎರಡೂ ಸೇರಿದ ಸಮಯದಿಂದ ಭಾಗಿಸಿ. ಬಂದ ಪಾಲು ಎಷ್ಟೋ ನಿಮ್ಮ ಕಂಪ್ರೆಸರ್ ಅಷ್ಟು ಗಾಳಿಯನ್ನು ಪೈಪಿನ ತೂತುಗಳಿಗೆ ಕೊಡುತ್ತಿದೆ. ಆಮೇಲೆ ಒಂದು ಬಕೆಟ್ ಸೋಪಿನ ನೀರು, ಒಂದು ಬ್ರಷ್ ಹಿಡಿದು ಲೈನ್ ಉದ್ದಕ್ಕೂ ನಡೆಯಿರಿ. ನೆತ್ತಿಯ ಮೇಲಿನ ಪೈಪಿಗಿಂತ ಕೆಳಗೆ, ಗ್ರೈಂಡರ್‌ಗೆ ಹೋಗುವ ಹೋಸ್ ಜಾಯಿಂಟ್‌ಗಳಲ್ಲೇ ಗುಳ್ಳೆ ಜಾಸ್ತಿ ಬರುತ್ತದೆ.

ಇನ್ನೊಂದು ವಿಷಯ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಮತ್ತು ವಿಶ್ವಸಂಸ್ಥೆಯ ಯುನಿಡೊ ಸೇರಿ ಸಣ್ಣ ಉದ್ಯಮಗಳಿಗೆ ನಡೆಸಿದ ಇಂಧನ ಉಳಿತಾಯದ ಯೋಜನೆಯಲ್ಲಿ ಕೊಯಮತ್ತೂರು, ಇಂದೋರ್ ಜೊತೆ ಬೆಳಗಾವಿಯ ಫೌಂಡ್ರಿಗಳೂ ಇದ್ದವು. ನಿಮ್ಮ ಅಕ್ಕಪಕ್ಕದಲ್ಲೇ ಅದರಲ್ಲಿ ಸೇರಿದವರು ಇರುತ್ತಾರೆ. ಹೋಗಿ ಅವರ ಶಾಪ್ ನೋಡಿ ಬನ್ನಿ, ನನ್ನ ಮಾತಿಗಿಂತ ಅದು ಮೇಲು.

ಸ್ಟುಟ್‌ಗಾರ್ಟ್_ಕನ್ನಡತಿ:

ನಾನು ಈ ಶೀಟಿನ ಆ ಕಡೆ ಕೂರುವವಳು. ಜರ್ಮನಿಯಲ್ಲಿ ಒಂದು ಮಷಿನ್ ತಯಾರಕರ ಖರೀದಿ ವಿಭಾಗದಲ್ಲಿದ್ದೇನೆ, ಭಾರತ, ಟರ್ಕಿ, ಪೋಲೆಂಡ್‌ನ ಸಪ್ಲೈಯರ್‌ಗಳ ಉತ್ತರ ಓದುವುದು ನನ್ನ ಕೆಲಸ. ನಮಗೆ ಸಣ್ಣ ಅಂಕಿ ಬೇಕಾಗಿಲ್ಲ. ಹೇಗೆ ಬಂತು ಅಂತ ತೋರಿಸಬಲ್ಲ ಅಂಕಿ ಬೇಕು. ಒಬ್ಬರು ಎಲ್ಲ ಕಡೆ ಸೊನ್ನೆ ಬರೆದು ಕೆಳಗೆ "ಕಾರ್ಬನ್ ನ್ಯೂಟ್ರಲ್" ಸರ್ಟಿಫಿಕೇಟ್ ಅಂಟಿಸಿದ್ದರು. ಮೊದಲು ವಾಪಸ್ ಹೋದದ್ದು ಅವರದೇ. ಇನ್ನೊಬ್ಬರು ಕೈಬರಹದ ಡೀಸೆಲ್ ರಿಜಿಸ್ಟರಿನ ಫೋಟೊ ಹಾಕಿದ್ದರು, ಅವರ ಲೆಕ್ಕದಲ್ಲಿ ಒಂದು ತಪ್ಪಿತ್ತು, ಫೋನ್ ಮಾಡಿ ಹತ್ತು ನಿಮಿಷದಲ್ಲಿ ಸರಿ ಮಾಡಿಕೊಂಡೆವು.

ಆಫ್‌ಸೆಟ್ ಬಗ್ಗೆ ನಿಯಮ ಸ್ಪಷ್ಟ ಇದೆ. ಕೊಂಡ ಕ್ರೆಡಿಟ್ ಅನ್ನು ನಿಮ್ಮ ಒಟ್ಟು ಅಂಕಿಯಿಂದ ಕಳೆಯುವ ಹಾಗಿಲ್ಲ. ಜಿಎಚ್‌ಜಿ ಪ್ರೋಟೋಕಾಲ್ ಪ್ರಕಾರ ಅದು ಬೇರೆ ಸಾಲು. ನಿಮ್ಮ 117 ಟನ್ 117 ಟನ್ನಾಗಿಯೇ ಇರುತ್ತದೆ. ಯುರೋಪಿನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಬರೀ ಆಫ್‌ಸೆಟ್ ನಂಬಿಕೊಂಡು "ಈ ವಸ್ತು ಕಾರ್ಬನ್ ನ್ಯೂಟ್ರಲ್" ಅಂತ ಗ್ರಾಹಕರಿಗೆ ಹೇಳುವುದನ್ನೇ ನಿಷೇಧಿಸುವ ನಿರ್ದೇಶನ 2024ರಲ್ಲಿ ಬಂತು, ಜಾರಿಯ ದಿನ 2026ರ ಸೆಪ್ಟೆಂಬರ್ 27. ಭಾರತದಲ್ಲೂ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಇಂಥ ಪೊಳ್ಳು ಹಸಿರು ಮಾತುಗಳ ವಿರುದ್ಧ ಮಾರ್ಗಸೂಚಿ ತಂದಿದೆ. ಗೇಟಿನ ಬೋರ್ಡ್ ವಿಷಯ ಅಲ್ಲಿಗೆ ಬಿಡಿ.

ನೀವು ನೇರವಾಗಿ ಯುರೋಪಿಗೆ ಕಳಿಸುತ್ತಿದ್ದರೆ ಸಿಬಿಎಎಂ ಕೂಡ ನೋಡಬೇಕು, ಗಡಿಯಲ್ಲಿ ಕಾರ್ಬನ್ನಿಗೆ ಬೆಲೆ ಕಟ್ಟುವ ವ್ಯವಸ್ಥೆ. 2023ರ ಅಕ್ಟೋಬರ್‌ನಿಂದ ಬರೀ ವರದಿ ಕೇಳುತ್ತಿದ್ದರು, 2026ರ ಜನವರಿ 1ರಿಂದ ಹಣದ ಲೆಕ್ಕವೂ ಶುರು. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಇದರಲ್ಲಿವೆ. ಆದರೆ ಕಬ್ಬಿಣದ ಎಲ್ಲ ಮಾಲೂ ಇಲ್ಲ. ಇನ್‌ವಾಯ್ಸ್‌ನಲ್ಲಿ ಹಾಕುವ ಕೋಡಿನ ಮೊದಲ ನಾಲ್ಕು ಅಂಕಿ ನೋಡಿ, ಪೈಪ್ ಫಿಟಿಂಗ್‌ನ 7307 ಪಟ್ಟಿಯಲ್ಲಿದೆ, 84ರಿಂದ ಶುರುವಾಗುವ ಪಂಪ್ ಭಾಗಗಳು ಇಲ್ಲ. ಹಣ ಕಟ್ಟುವುದು ಆಮದು ಮಾಡುವವರು, ಅಂಕಿ ಕೊಡಬೇಕಾದವರು ನೀವು.

ಸ್ಕೋಪ್ 3ಕ್ಕೆ 15 ವಿಭಾಗ ಇವೆ, ಅಷ್ಟನ್ನೂ ತುಂಬಲು ಹೋಗಬೇಡಿ. ಫೌಂಡ್ರಿಗೆ ದೊಡ್ಡದು ಕೊಂಡ ಮಾಲು, ಅದರಲ್ಲೂ ಪಿಗ್ ಐರನ್. ಅದು ಬ್ಲಾಸ್ಟ್ ಫರ್ನೇಸಿನಲ್ಲಿ ಕೋಕ್ ಉರಿಸಿ ಬಂದದ್ದು, ಒಂದು ಟನ್ನಿನ ಹಿಂದೆ ಒಂದೂವರೆಯಿಂದ ಎರಡು ಟನ್ನಿಗೂ ಮೇಲೆ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಖರೀದಿ ರಿಜಿಸ್ಟರಿನಿಂದ ಟನ್ ತೆಗೆಯಿರಿ, ಕೊಟ್ಟ ಕಂಪನಿಗೆ ಅವರ ಅಂಕಿ ಕೇಳಿ ಒಂದು ಮೇಲ್ ಹಾಕಿ. ಉತ್ತರ ಬರದಿದ್ದರೆ ಸರಾಸರಿ ಹಾಕಿ, "ಸರಾಸರಿ" ಅಂತ ಬರೆಯಿರಿ. ಅದು ತಪ್ಪಲ್ಲ.

ಶಿರಸಿ_ತೋಟ:

ಗಿಡದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕಾರ್ಬನ್. ಒಂದು ಕೆಜಿ ಕಾರ್ಬನ್ ಅಂದರೆ 3.67 ಕೆಜಿ ಕಾರ್ಬನ್ ಡೈಆಕ್ಸೈಡ್. ಹಾಗಾದರೆ ಒಣ ತೂಕ 100 ಕೆಜಿ ಇರುವ ಒಂದು ಮರ ಬೆಳೆಯಿತು ಅಂದರೆ ಹುಟ್ಟಿದಾಗಿನಿಂದ ಅದು ಹಿಡಿದಿಟ್ಟದ್ದು ಸುಮಾರು 183 ಕೆಜಿ. ನಿಮ್ಮ ಫೌಂಡ್ರಿ ತಿಂಗಳಿಗೆ 117 ಟನ್, ವರ್ಷಕ್ಕೆ 1,400 ಟನ್. ಅಂದರೆ ಅಷ್ಟು ದೊಡ್ಡ ಏಳೂವರೆ ಸಾವಿರ ಮರ ಬೇಕು, ಅದೂ ಒಂದೇ ವರ್ಷದ ಲೆಕ್ಕಕ್ಕೆ. ಜೂನ್‌ನಲ್ಲಿ ನೆಟ್ಟ ಗಿಡದಲ್ಲಿ ಮುಂದಿನ ಜೂನ್‌ಗೆ ಎಷ್ಟು ಉಳಿದಿರುತ್ತವೆ ಅಂತ ನಿಮಗೇ ಗೊತ್ತು.

ನೆಡಬೇಡಿ ಅಂತಲ್ಲ. ನಿಮ್ಮ ತಂದೆಯವರು ಮಾಡುತ್ತಿರುವುದು ಒಳ್ಳೆಯ ಕೆಲಸ. ಹೊಂಗೆ, ಬೇವು ನೆಡಿ, ಮೂರು ಬೇಸಿಗೆ ನೀರು ಹಾಕಿ, ಫರ್ನೇಸ್ ಹತ್ತಿರ ಬೆವರಿ ಬಂದವರಿಗೆ ಕೂರಲು ನೆರಳಾಗುತ್ತದೆ. ಶೀಟಿನಲ್ಲಿ ಮಾತ್ರ ಬರೆಯಬೇಡಿ.

ಬಾಗೇಪಲ್ಲಿ_ಕಡೆಯವಳು:

ಕ್ರೆಡಿಟ್ ಅಂದರೆ ಎಲ್ಲ ಮೋಸ ಅಂತ ಈ ಚರ್ಚೆ ಓದಿದವರು ಅಂದುಕೊಳ್ಳಬಾರದು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆ ಇದು ಬಹಳ ಹಳೆಯ ವಿಷಯ. ಬಾಗೇಪಲ್ಲಿ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ 2005ರಲ್ಲೇ ವಿಶ್ವಸಂಸ್ಥೆಯ ಸಿಡಿಎಂ ಅನ್ನುವ ಕಾರ್ಬನ್ ಕ್ರೆಡಿಟ್ ವ್ಯವಸ್ಥೆಯಲ್ಲಿ ನೋಂದಣಿ ಆಯಿತು. 5,500 ಮನೆಗಳ ಯೋಜನೆ. ಆಗ ನಮ್ಮದು ಇನ್ನೂ ಕೋಲಾರ ಜಿಲ್ಲೆ.

ನಮ್ಮ ಚಿಕ್ಕಮ್ಮನ ಮನೆಯಲ್ಲೂ ಗೋಬರ್ ಗ್ಯಾಸ್ ಇದೆ. ಎರಡು ಹಸು ಇವೆ. ಬೆಳಿಗ್ಗೆ ಒಂದು ಬುಟ್ಟಿ ಸಗಣಿಗೆ ಅಷ್ಟೇ ನೀರು ಬೆರೆಸಿ, ಕೈಯಿಂದ ಹುಲ್ಲು ಕಡ್ಡಿ ಆರಿಸಿ ತೆಗೆದು ತೊಟ್ಟಿಗೆ ಬಿಡುತ್ತಾರೆ. ಒಳಗೆ ನೀಲಿ ಉರಿ. ಮೊದಲು ಹಳ್ಳದ ಕಡೆಯಿಂದ ಜಾಲಿ ಸೌದೆ ಹೊತ್ತು ತರುತ್ತಿದ್ದರು, ಅಡುಗೆಮನೆಯ ಗೋಡೆ ಟಾರು ಬಳಿದ ಹಾಗೆ ಇರುತ್ತಿತ್ತು, ಚಿಕ್ಕಮ್ಮ ಯಾವಾಗಲೂ ಕಣ್ಣು ಒರೆಸಿಕೊಳ್ಳುತ್ತಲೇ ಇರುತ್ತಿದ್ದರು. ಆ ಸೌದೆ, ಸೀಮೆಎಣ್ಣೆ ಉಳಿದದ್ದೇ ಇಂಥ ಕ್ರೆಡಿಟ್. ಆದರೆ ಹಸು ಮಾರಿದರೆ, ಡೋಮ್ ಬಿರುಕು ಬಿಟ್ಟರೆ ಅಂದಿಗೆ ಉಳಿತಾಯ ನಿಂತಿತು. ಹಾಗಾಗಿ ಯಾರೋ ಮನೆ ಮನೆಗೆ ಹೋಗಿ ಇವತ್ತು ಒಲೆ ಉರಿಯಿತಾ ಅಂತ ಬರೆದುಕೊಳ್ಳಬೇಕು. ನಾನೂ ಮೂರು ವರ್ಷ ಹಾಗೆ ಪುಸ್ತಕ ಹಿಡಿದು ತಿರುಗಿದ್ದೇನೆ. ಒಳ್ಳೆಯ ಯೋಜನೆಯಲ್ಲಿ ನಿಮ್ಮ ದುಡ್ಡು ಇಂಥ ತಿರುಗಾಟಕ್ಕೆ, ರಿಪೇರಿಗೆ ಹೋಗುತ್ತದೆ.

ಕೊಳ್ಳುವುದಾದರೆ ಮಾರುವವರನ್ನು ಕೇಳಿ: ಯಾವ ರಿಜಿಸ್ಟ್ರಿ, ಸೀರಿಯಲ್ ನಂಬರ್ ಏನು, ಯಾವ ವರ್ಷದ ಉಳಿತಾಯ, ನಮ್ಮ ಹೆಸರಿನಲ್ಲಿ ರಿಟೈರ್ (ಮತ್ತೆ ಮಾರಲಾಗದ ಹಾಗೆ ರದ್ದು) ಮಾಡಿ ತೋರಿಸುತ್ತೀರಾ. ಕ್ರೆಡಿಟ್‌ಗೆ ಮಾನ್ಯತೆ ಕೊಡುವ ಸಂಸ್ಥೆಗಳಾದ ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಎರಡರ ರಿಜಿಸ್ಟ್ರಿಯನ್ನೂ ಯಾರು ಬೇಕಾದರೂ ತೆರೆದು ನೋಡಬಹುದು. ಆಮೇಲೆ ಮುಖ್ಯ ಪ್ರಶ್ನೆ, ಈ ದುಡ್ಡು ಇಲ್ಲದಿದ್ದರೂ ಆ ಕೆಲಸ ಆಗುತ್ತಿತ್ತಾ? ತೀರಾ ಅಗ್ಗಕ್ಕೆ ಸಿಗುವ ಕ್ರೆಡಿಟ್‌ಗಳಲ್ಲಿ ಹಳೆಯ ಗಾಳಿ, ಸೋಲಾರ್ ಪ್ರಾಜೆಕ್ಟ್‌ಗಳದ್ದು ಬಹಳ. ಅವು ಕ್ರೆಡಿಟ್ ಇಲ್ಲದೆಯೂ ಲಾಭಕ್ಕೆ ನಡೆಯುತ್ತವೆ. ಅದಕ್ಕೇ ವೆರಾದವರೇ 2020ರಿಂದ ನಮ್ಮಂಥ ದೇಶಗಳಲ್ಲಿ ಗ್ರಿಡ್‌ಗೆ ಕರೆಂಟ್ ಕೊಡುವ ದೊಡ್ಡ ಪ್ರಾಜೆಕ್ಟ್‌ಗಳನ್ನು ಹೊಸದಾಗಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದು. ಕಾಡು ಉಳಿಸಿದ ಕ್ರೆಡಿಟ್‌ಗಳ ಮೇಲೆ 2023ರ ಜನವರಿಯಲ್ಲಿ ಗಾರ್ಡಿಯನ್ ಪತ್ರಿಕೆಯ ತನಿಖೆ ಬಂತು, ವೆರಾ ಒಪ್ಪಿದ ಮಳೆಕಾಡು ಕ್ರೆಡಿಟ್‌ಗಳಲ್ಲಿ 90 ಪರ್ಸೆಂಟ್‌ಗೂ ಜಾಸ್ತಿ ನಿಜವಾದ ಉಳಿತಾಯ ಅಲ್ಲ ಅಂತ. ವೆರಾ ಅದನ್ನು ಒಪ್ಪಲಿಲ್ಲ. ಆದರೂ ಕೊಳ್ಳುವವರು ಕಣ್ಣು ತೆರೆದು ಕೊಳ್ಳಬೇಕು ಅಲ್ವಾ.

ನನ್ನ ಅಭಿಪ್ರಾಯ ಕೇಳಿದರೆ, ಈ ವರ್ಷ ಕೊಳ್ಳಬೇಡಿ. ನಾಲ್ಕು ಲಕ್ಷ ಇದ್ದರೆ ನಿಮ್ಮ ಪೈಪು, ಮುಚ್ಚಳಕ್ಕೆ ಹಾಕಿ. ಮುಂದೆ ಎಂದಾದರೂ ಮನಸ್ಸಾದರೆ ಇಲ್ಲೇ ಸುತ್ತಮುತ್ತಲಿನ ಯೋಜನೆ ಹುಡುಕಿ, ಒಂದು ಸಲ ಹೋಗಿ ಆ ಮನೆಯಲ್ಲಿ ಕಾಫಿ ಕುಡಿದು ಒಲೆ ನೋಡಿ ಬನ್ನಿ.

ಪಾವಗಡ_ಬಿಸಿಲು:

ಕರೆಂಟೇ 97 ಪರ್ಸೆಂಟ್ ಅಂದ ಮೇಲೆ ಸೋಲಾರ್ ಬಗ್ಗೆ ಎರಡು ಮಾತು. ಛಾವಣಿ ಮೇಲೆ 100 ಕಿಲೋವ್ಯಾಟ್ ಹಾಕಿದರೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಲೆಕ್ಕದಲ್ಲಿ ತಿಂಗಳಿಗೆ 12,000 ಯೂನಿಟ್. ನಿಮ್ಮ ಬಳಕೆಯ 7.5 ಪರ್ಸೆಂಟ್ ಅಷ್ಟೇ. ಸುಮಾರು 10,000 ಚದರ ಅಡಿ ಬೇಕು. ಹಳೆಯ ಆಸ್ಬೆಸ್ಟಾಸ್ ಶೀಟ್ ಆದರೆ ಅದರ ಮೇಲೆ ಹಾಕುವ ಹಾಗೇ ಇಲ್ಲ, ಮೊದಲು ಶೀಟ್ ಬದಲಿಸಬೇಕು. ಫೌಂಡ್ರಿ ಧೂಳು ಪ್ಯಾನೆಲ್ ಮೇಲೆ ಕೂತರೆ ಉತ್ಪಾದನೆ ಬೀಳುತ್ತದೆ, ವಾರಕ್ಕೊಮ್ಮೆ ತೊಳೆಯಲು ಜನ, ನೀರು ಇಟ್ಟುಕೊಳ್ಳಿ.

ದೊಡ್ಡ ಪಾಲು ಬದಲಾಗಬೇಕು ಅಂದರೆ ಹೊರಗಿನ ಸೋಲಾರ್ ಅಥವಾ ಗಾಳಿ ಪ್ಲಾಂಟಿನಿಂದ ಓಪನ್ ಆಕ್ಸೆಸ್, ಅಂದರೆ ಗ್ರಿಡ್ ತಂತಿಯ ಮೂಲಕವೇ ನೇರವಾಗಿ ಆ ಪ್ಲಾಂಟಿನಿಂದ ಕರೆಂಟ್ ಕೊಳ್ಳುವುದು. 2022ರ ಹಸಿರು ಓಪನ್ ಆಕ್ಸೆಸ್ ನಿಯಮದಲ್ಲಿ 100 ಕಿಲೋವ್ಯಾಟ್ ಲೋಡ್ ಇರುವವರಿಗೂ ಅವಕಾಶ ಇದೆ. ಗ್ರೂಪ್ ಕ್ಯಾಪ್ಟಿವ್ ಆದರೆ ಬಳಸುವವರೆಲ್ಲ ಸೇರಿ ಪ್ಲಾಂಟಿನಲ್ಲಿ ಕನಿಷ್ಠ 26 ಪರ್ಸೆಂಟ್ ಪಾಲು ಹೊಂದಿರಬೇಕು, ಕರೆಂಟಿನಲ್ಲಿ ಕನಿಷ್ಠ 51 ಪರ್ಸೆಂಟ್ ಬಳಸಬೇಕು. ಉದ್ಯಮಬಾಗ್‌ನ ಹತ್ತು ಫೌಂಡ್ರಿಗಳು ಸೇರಿದರೆ ಮಾತಾಡುವ ಬಲ ಬರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ಪ್ಲಾಂಟಿನವರು ಹಸಿರು ಸರ್ಟಿಫಿಕೇಟನ್ನು ಬೇರೆಯವರಿಗೆ ಮಾರುತ್ತಿಲ್ಲ ಅಂತ ಬರೆಸಿಕೊಳ್ಳಿ. ಮಾರಿದ್ದರೆ ಆ ಹಸಿರು ನಿಮ್ಮದಲ್ಲ, ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ಶೀಟಿನಲ್ಲಿ ಸ್ಕೋಪ್ 2ಕ್ಕೆ ಎರಡು ಅಂಕಿ ಕೊಡಿ, ದೇಶದ ಗ್ರಿಡ್ ಸರಾಸರಿ ಪ್ರಕಾರ ಒಂದು, ನಿಮ್ಮ ಒಪ್ಪಂದದ ಪ್ರಕಾರ ಇನ್ನೊಂದು.

ಉದ್ಯಮಬಾಗ್_ಎರಕ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಭಾನುವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಫ್ಯಾಕ್ಟರಿ ಅಷ್ಟು ಶಾಂತ ಇದ್ದದ್ದನ್ನು ನಾನು ಕೇಳಿರಲೇ ಇಲ್ಲ. ಕಂಪ್ರೆಸರ್ ಚಾಲು ಮಾಡಿದ ಮೇಲೆ ಎಲ್ಲ ಕಡೆಯಿಂದ ಸುಯ್ ಅಂತ ಸಣ್ಣ ಸದ್ದು. ವಾರದ ದಿನಗಳಲ್ಲಿ ಗ್ರೈಂಡರ್ ಗದ್ದಲದಲ್ಲಿ ಅದು ಕೇಳುವುದೇ ಇಲ್ಲ. ಲೋಡ್ 42 ಸೆಕೆಂಡ್, ಅನ್‌ಲೋಡ್ 84 ಸೆಕೆಂಡ್. ಮೂರರಲ್ಲಿ ಒಂದು ಪಾಲು ಗಾಳಿ ಸೋರುತ್ತಿದೆ. 37 ಕಿಲೋವ್ಯಾಟ್ ಕಂಪ್ರೆಸರ್, ದಿನಕ್ಕೆ 20 ಗಂಟೆ, ತಿಂಗಳಿಗೆ 26 ದಿನ. ಹೆಚ್ಚುಕಡಿಮೆ 6,400 ಯೂನಿಟ್, ಅಂದರೆ 4.5 ಟನ್. ನಮ್ಮ ಡೀಸೆಲ್, ಎಲ್‌ಪಿಜಿ, ಸಿಒಟು ಸಿಲಿಂಡರ್ ಮೂರೂ ಸೇರಿದರೂ ಅಷ್ಟಾಗುವುದಿಲ್ಲ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ತಿಂಗಳಿಗೆ 44,000 ರೂಪಾಯಿ ಮೇಲೆ. ಅಪ್ಪ ಆ ಅಂಕಿಯನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಸೋಪಿನ ಬಕೆಟ್ ಅವರೇ ಹಿಡಿದರು. ಫೆಟ್ಲಿಂಗ್ ಶೆಡ್‌ನಲ್ಲಿ ಒಂದು ಹೋಸಿಗೆ ಯಾರೋ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದರು, ಅದರ ಸುತ್ತ ನೊರೆ ಮುಷ್ಟಿ ಗಾತ್ರಕ್ಕೆ ಬಂತು. ಒಟ್ಟು 31 ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಜಾಯಿಂಟು, ಹೋಸು, ಎರಡು ವಾಲ್ವ್ ಬದಲಿಸಿದ ಮೇಲೆ ಹೋದ ಭಾನುವಾರ ಮತ್ತೆ ಅಳೆದೆ. ಲೋಡ್ 20, ಅನ್‌ಲೋಡ್ 123. ಅಂದರೆ 14 ಪರ್ಸೆಂಟ್. ಇನ್ನೂ ಇದೆ, ಆದರೂ ತಿಂಗಳಿಗೆ ಎರಡೂವರೆ ಟನ್ ಉಳಿಯಿತು.

ಪಿಗ್ ಐರನ್ ತಿಂಗಳಿಗೆ 30 ಟನ್ ತರಿಸುತ್ತೇವೆ. ಟನ್‌ಗೆ ಎರಡು ಹಿಡಿದರೆ 60 ಟನ್, ನಮ್ಮ ಇಡೀ ಕರೆಂಟಿನ ಅರ್ಧಕ್ಕೂ ಮೇಲೆ. ಕೊಡುವ ಕಂಪನಿಗೆ ಮೇಲ್ ಹಾಕಿದೆ, ಉತ್ತರ ಬಂದಿಲ್ಲ, "ಸರಾಸರಿ" ಅಂತಲೇ ಬರೆದಿದ್ದೇನೆ. ಸ್ಟೀಲ್ ಸ್ಕ್ರ್ಯಾಪ್ ಜೊತೆ ಕಾರ್ಬುರೈಸರ್ (ಕಬ್ಬಿಣಕ್ಕೆ ಸೇರಿಸುವ ಕಾರ್ಬನ್) ಜಾಸ್ತಿ ಹಾಕಿ ಪಿಗ್ ಐರನ್ ಕಡಿಮೆ ಮಾಡಬಹುದಾ ಅಂತ ಪಂಪ್ ಬಾಡಿಯ ಒಂದು ಗ್ರೇಡಿನಲ್ಲಿ ಟ್ರಯಲ್ ಶುರು ಮಾಡಿದ್ದೇವೆ. ಅಪ್ಪನಿಗೆ ಮಷಿನಿಂಗ್‌ನಲ್ಲಿ ಗಟ್ಟಿ ಬಂದೀತು ಅನ್ನುವ ಭಯ ಇದೆ, ಅದು ನ್ಯಾಯವೇ. ಹತ್ತು ಹೀಟ್ ಆಗಲಿ, ಹಾರ್ಡ್‌ನೆಸ್ ನೋಡಿ ಹೇಳುತ್ತೇನೆ. ಮಾಚೇನಹಳ್ಳಿಯವರೇ, ನೀವು ಚಾರ್ಜ್‌ನಲ್ಲಿ ಪಿಗ್ ಐರನ್ ಎಷ್ಟು ಪರ್ಸೆಂಟ್ ಇಟ್ಟಿದ್ದೀರಿ? ಮುಚ್ಚಳಕ್ಕೆ ಏನು ವ್ಯವಸ್ಥೆ ಮಾಡಿದಿರಿ? ನಮ್ಮದೂ ಗೋಡೆಗೇ ಒರಗಿದೆ.

ಶೀಟ್ ನಿನ್ನೆ ಕಳಿಸಿದೆ. ಆಫ್‌ಸೆಟ್ ಕಾಲಂನಲ್ಲಿ "ಇಲ್ಲ" ಅಂತ ಬರೆದು, ಪಕ್ಕದಲ್ಲಿ ಕಂಪ್ರೆಸರಿನ ಎರಡೂ ಭಾನುವಾರದ ಅಂಕಿ ಹಾಕಿದ್ದೇನೆ.

ಮಾಚೇನಹಳ್ಳಿ_ಮೋಲ್ಡ್:

ಪಿಗ್ ಐರನ್ ನಮ್ಮಲ್ಲಿ 8 ಪರ್ಸೆಂಟ್ ಇದೆ, ಅದಕ್ಕಿಂತ ಕೆಳಗೆ ಹೋಗಲು ನಮಗೂ ಧೈರ್ಯ ಸಾಲಲಿಲ್ಲ. ಕಾರ್ಬುರೈಸರ್ ಅನ್ನು ಕೊನೆಗೆ ಮೇಲಿನಿಂದ ಎಸೆಯಬೇಡಿ, ಸ್ಕ್ರ್ಯಾಪ್ ಜೊತೆಗೇ ತಳದಲ್ಲಿ ಹಾಕಿ, ಇಲ್ಲದಿದ್ದರೆ ಕರಗದೆ ಮೇಲೆ ತೇಲಿ ಉರಿದು ಹೋಗುತ್ತದೆ. ಇನಾಕ್ಯುಲೆಂಟ್ (ಎರಕ ಪೆಡಸಾಗದ ಹಾಗೆ ಬೆರೆಸುವ ಪುಡಿ) ಲೇಡಲ್‌ಗೆ ಹಾಕುವುದನ್ನು ತಪ್ಪಿಸಬೇಡಿ, ನಿಮ್ಮ ತಂದೆಯವರ ಭಯಕ್ಕೆ ಅದೇ ಮದ್ದು. ಮುಚ್ಚಳಕ್ಕೆ ಪಕ್ಕದಲ್ಲಿ ಒಂದು ಕಂಬ ನಿಲ್ಲಿಸಿ, ತಿರುಗುವ ತೋಳು ಹಾಕಿ, ಎದುರು ಭಾರ ಕಟ್ಟಿದ್ದೇವೆ. ಒಂದೇ ಕೈಯಲ್ಲಿ ಸರಿಯುತ್ತದೆ. ನಾಳೆ ಬೆಳಿಗ್ಗೆ ಫೋಟೊ ಹಾಕುತ್ತೇನೆ, ಅಳತೆ ಬೇಕಿದ್ದರೆ ಹೇಳಿ.